ಕಾರಿನ ಒಳಚಾವಣಿಯ ಬಟ್ಟೆ ಜೋತುಬಿದ್ದರೆ

ಕಾರಿನ ಒಳಚಾವಣಿಯ ಬಟ್ಟೆ ಇಳಿಬಿದ್ದು ತಲೆಗೆ ತಾಗತೊಡಗಿದರೆ ಎಲ್ಲರೂ ಮೊದಲು ದೂರುವುದು ಅಂಟನ್ನು. ಸಾಮಾನ್ಯವಾಗಿ ಕೈಕೊಟ್ಟಿರುವುದು ಬಟ್ಟೆಯ ಬೆನ್ನಿಗಿರುವ ತೆಳು ಫೋಮ್. ಬಿಸಿಲಿನ ಕಾವು, ಗಾಳಿಯ ತೇವ ಸೇರಿ ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ. ಜೋತುಬಿದ್ದ ಕಡೆ ಬೆರಳಿನಿಂದ ತಟ್ಟಿ ನೋಡಿ. ಅಂಚಿನಿಂದ ಹಳದಿ ಪುಡಿ ಉದುರಿದರೆ ಅದೇ ಕಾರಣ. ಇಂಥ ಬಟ್ಟೆಯ ಹಿಂದೆ ಅಂಟು ಸ್ಪ್ರೇ ಮಾಡಿ ಒತ್ತಿದರೆ ಅಂಟು ಹಿಡಿಯುವುದು ಪುಡಿಯನ್ನು, ಬಟ್ಟೆಯ ಹಿಂದಿರುವ ಚಾವಣಿಯ ಹಲಗೆಯನ್ನಲ್ಲ. ಮತ್ತೆ ಇಳಿಯುವುದಲ್ಲದೆ ಬಟ್ಟೆಯ ಮೇಲೆ ಕಲೆಯೂ ಉಳಿಯುತ್ತದೆ. ತಾತ್ಕಾಲಿಕವಾಗಿ ಸಾಕೆಂದರೆ ಸ್ಕ್ರೂನಂತೆ ತಿರುಗಿಸುವ ಪಿನ್ನುಗಳನ್ನು ಚಾವಣಿಯ ನಡುಭಾಗದಲ್ಲಿ ಚುಚ್ಚಿ. ಪಕ್ಕದ ಅಂಚುಗಳಲ್ಲಿ ಮಾತ್ರ ಬೇಡ, ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಅಲ್ಲೇ ಮಡಚಿ ಕುಳಿತಿರುತ್ತದೆ.

ಸರಿಯಾದ ರಿಪೇರಿ ಎಂದರೆ ಹಲಗೆಯನ್ನೇ ಹೊರತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಆಮೇಲೆ ಸನ್ ವೈಸರ್, ದೀಪ, ಹಿಡಿಗಳು, ಕಿಟಕಿಗಳ ಪಕ್ಕದ ಕಂಬಗಳ ಪ್ಲಾಸ್ಟಿಕ್ ಹೊದಿಕೆ, ಬಾಗಿಲಿನ ರಬ್ಬರ್ ಬಿಚ್ಚಿ, ಸೀಟುಗಳನ್ನು ಪೂರ್ತಿ ಒರಗಿಸಿ. ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿಟ್ಟು ಹೆಸರು ಬರೆಯಿರಿ. ಹಲಗೆಯನ್ನು ಇಬ್ಬರು ಹಿಡಿದು ಹಿಂಬಾಗಿಲಿನಿಂದ ಇಳಿಸಿ. ಬಲವಂತವಾಗಿ ಬಗ್ಗಿಸಿದರೆ ಬಿದ್ದ ಗೆರೆ ಹೊಸ ಬಟ್ಟೆಯಲ್ಲೂ ಎದ್ದು ಕಾಣುತ್ತದೆ. ಹಲಗೆಯಲ್ಲಿ ನೀರಿನ ಕಲೆ ಕಂಡರೆ, ಸೋರುವ ಜಾಗ ಹುಡುಕಿ ಮುಚ್ಚದೆ ಮುಂದಿನ ಕೆಲಸ ಮಾಡಬೇಡಿ.

ಕೆಲಸ ಬಾಳುವುದೂ ಕೆಡುವುದೂ ಉಜ್ಜುವುದರಲ್ಲಿ. ಬಟ್ಟೆ ಸುಲಿದ ಮೇಲೆ ಉಳಿದ ಫೋಮನ್ನು ಗಟ್ಟಿ ನೈಲಾನ್ ಬ್ರಷ್‌ನಿಂದ ಒಣದಾಗಿಯೇ ಉಜ್ಜಿ. ತಂತಿ ಬ್ರಷ್ ಹಲಗೆಯ ಪದರ ಕಿತ್ತುಬಿಡುತ್ತದೆ, ನೀರು ತಾಗಿದರೆ ಹಲಗೆ ಮೆತ್ತಗಾಗುತ್ತದೆ. ಮಾಸ್ಕ್, ಕನ್ನಡಕ ಹಾಕಿಕೊಂಡು ಬಯಲಲ್ಲಿ ಮಾಡಿ. ಪುಡಿ ಕಣ್ಣು ಮೂಗಿಗೆ ನುಗ್ಗುತ್ತದೆ. ಮೂಲೆ, ದೀಪ ಕೂರುವ ತಗ್ಗುಗಳ ಸುತ್ತ ಹೆಚ್ಚು ಹೊತ್ತು ಕೊಡಿ. ವ್ಯಾಕ್ಯೂಮ್ ಮಾಡಿದ ಮೇಲೆ ಅಂಗೈ ಸವರಿದರೆ ಕೈಗೆ ಪುಡಿ ಅಂಟಬಾರದು. ಅಂಟಿದರೆ ಮತ್ತೆ ಉಜ್ಜಿ, ಬೇಸರ ಮಾಡಿಕೊಳ್ಳಬೇಡಿ.

ಹೊಸ ಬಟ್ಟೆ ಫೋಮ್ ಸಮೇತ ಬರುವ, ಒಳಚಾವಣಿಗೆಂದೇ ತಯಾರಾದದ್ದೇ ಆಗಬೇಕು. ಸುಮಾರು 3 ಮಿ.ಮೀ. ದಪ್ಪದ ಫೋಮ್ ಸಾಕು. ಬರಿ ಬಟ್ಟೆ ಅಂಟಿಸಿದರೆ ಹಲಗೆಯ ಒಂದೊಂದು ಉಬ್ಬುತಗ್ಗೂ ಕಾಣುತ್ತದೆ. ಎಲ್ಲ ಬದಿಗೂ 10 ಸೆಂ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಅಂಟು ಹೆಚ್ಚು ಶಾಖ ತಡೆಯುವ ಕಾಂಟ್ಯಾಕ್ಟ್ ಅಂಟೇ (ಎರಡೂ ಮೈಗೆ ಹಚ್ಚಿ, ತುಸು ಒಣಗಿದ ಮೇಲೆ ಕೂಡಿಸುವಂಥದ್ದು) ಆಗಿರಲಿ, ಡಬ್ಬದ ಮೇಲಿನ ತಾಪಮಾನ ಓದಿ ಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಚಾವಣಿಯ ಕಾವಿಗೆ ಸಾಮಾನ್ಯ ಸ್ಪ್ರೇ ಅಂಟು ಮೆತ್ತಗಾಗಿ ಜಾರುತ್ತದೆ.

ಬಟ್ಟೆಯನ್ನು ಹಲಗೆಯ ಮೇಲೆ ಹರಡಿ, ಅರ್ಧ ಹಿಂದಕ್ಕೆ ಮಡಚಿ. ತೆರೆದ ಹಲಗೆಗೂ ಫೋಮಿಗೂ ಅಂಟು ಹೊಡೆಯಿರಿ: ಮೊದಲ ಸಲ ಉದ್ದಕ್ಕೆ, ಎರಡನೆಯ ಸಲ ಅಡ್ಡಕ್ಕೆ. ಹತ್ತಿರ ಬೆಂಕಿ ಇರಬಾರದು. ಮುಟ್ಟಿದರೆ ಜಿಗುಟಾಗಿದ್ದು ಬೆರಳಿಗೆ ಹತ್ತದಂತಾದಾಗ ಅಂಟಿಸುವ ಹದ. ಹಸಿಯಿರುವಾಗಲೇ ಒತ್ತಿದರೆ ಅಂಟು ಫೋಮಿನೊಳಗೆ ಇಳಿದು ಬಟ್ಟೆ ಕಲೆಯಾಗುತ್ತದೆ. ನಡುವಿನಿಂದ ಅಂಚಿನತ್ತ ಅಂಗೈಯಿಂದ ಮೆಲ್ಲಗೆ ಸವರುತ್ತಾ ಬನ್ನಿ. ತಗ್ಗು ಸಿಕ್ಕಲ್ಲಿ ಬಟ್ಟೆಯನ್ನು ಮೊದಲು ತಗ್ಗಿಗೆ ಇಳಿಸಿ, ಆಮೇಲೆ ಮುಂದೆ ಹೋಗಿ. ಬಿಗಿಯಾಗಿ ಎಳೆದು ದಾಟಿಸಿದರೆ ಬಿಸಿಲಿಗೆ ಮೊದಲು ಏಳುವುದು ಅದೇ ಜಾಗ. ಜೋರಾಗಿ ಒತ್ತಿದರೆ ಫೋಮ್ ಚಪ್ಪಟೆಯಾಗಿ ಬೆರಳಚ್ಚು ಉಳಿಯುತ್ತದೆ. ಉಳಿದರ್ಧಕ್ಕೂ ಹೀಗೇ ಮಾಡಿ, ಹೆಚ್ಚಾದ ಬಟ್ಟೆ ಕತ್ತರಿಸಿ, 2–3 ಸೆಂ.ಮೀ. ಅಂಚನ್ನು ಹಲಗೆಯ ಹಿಂದಕ್ಕೆ ಮಡಚಿ ಅಂಟಿಸಿ. ಹಿಂದೆ ಏರ್‌ಬ್ಯಾಗ್ ಬರುವ ಕಡೆ ದಪ್ಪ ಮಡಿಕೆ ಉಳಿಸಬೇಡಿ.

ಒಂದು ದಿನ ಒಣಗಲು ಬಿಟ್ಟು, ದೀಪ ಮತ್ತು ಹಿಡಿಗಳ ತೂತುಗಳನ್ನು ಬೆರಳಿನಿಂದ ಗುರುತಿಸಿ, ಹರಿತ ಬ್ಲೇಡಿನಿಂದ X ಆಕಾರದಲ್ಲಿ ಸೀಳಿ ತುದಿಗಳನ್ನು ಒಳಗೆ ಮಡಚಿ. ತೂತು ಮೊದಲೇ ದೊಡ್ಡದಾಗಿ ಕತ್ತರಿಸಿದರೆ ದೀಪದ ಚೌಕಟ್ಟು ಅದನ್ನು ಮುಚ್ಚುವುದಿಲ್ಲ. ಹಲಗೆ ಕೂರಿಸುವಾಗ ಕೈ ಶುಚಿಯಾಗಿರಲಿ. ಎಲ್ಲ ಕ್ಲಿಪ್‌ಗಳೂ ಕೂತ ಮೇಲೆ ಬ್ಯಾಟರಿ ಜೋಡಿಸಿ. ಇಂಜಿನ್ ಶುರು ಮಾಡಿದ ಮೇಲೂ ಏರ್‌ಬ್ಯಾಗ್ ದೀಪ ಆರದೆ ಉಳಿದರೆ ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿ.