ಪಕ್ಕದ ಕುರ್ಚಿಯ ಕೆಲಸ: ನಮೀಬಿಯಾ, 1989

ರಾಯಚೂರು ಕಡೆ ತಹಸೀಲ್ದಾರನಾಗಿದ್ದಾಗ ನಾಲ್ಕೈದು ಚುನಾವಣೆ ಮಾಡಿಸಿದ್ದೆ. ಅದೇ ಧೈರ್ಯದ ಮೇಲೆ 1989ರ ಅಕ್ಟೋಬರ್‌ನಲ್ಲಿ ನಮೀಬಿಯಾಕ್ಕೆ ಹೊರಟೆ. ವಿಶ್ವಸಂಸ್ಥೆಯ ಪರವಾಗಿ ಚುನಾವಣಾ ಮೇಲ್ವಿಚಾರಕ. ಚುನಾವಣೆ ಮಾಡಿಸುವವರು ನಾವಲ್ಲ ಅನ್ನೋದು ಅಲ್ಲಿ ಹೋದ ಮೇಲೆ ಸರಿಯಾಗಿ ತಲೆಗೆ ಹತ್ತಿತು.

ಆ ದೇಶ ಮೊದಲು ಜರ್ಮನರ ಕೈಲಿತ್ತು. ಮೊದಲ ಮಹಾಯುದ್ಧದಿಂದ ಈಚೆಗೆ ದಕ್ಷಿಣ ಆಫ್ರಿಕಾದ ಕೈಲಿ. ಸ್ವಾತಂತ್ರ್ಯ ಕೊಟ್ಟು ಬಿಟ್ಟು ಹೋಗಬೇಕಾದವರೇ ಮತದಾನ ನಡೆಸಬೇಕು, ನಾವು ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ ಹೂಂ ಅನ್ನಬೇಕು. ಭದ್ರತಾ ಮಂಡಳಿಯ 435ನೇ ನಿರ್ಣಯದ ಏರ್ಪಾಡು ಅದು. ಅವರ ಅಧಿಕಾರಿ ಒಬ್ಬ, ಪಕ್ಕದ ಕುರ್ಚಿಯಲ್ಲಿ ನಾನೊಬ್ಬ. ಇದು ಹೆಸರಿಗಷ್ಟೇ ಇದ್ದ ಕುರ್ಚಿಯಲ್ಲ. ಪ್ರತಿ ಮತಚೀಟಿಯನ್ನೂ ನಂಬರ್ ಹಾಕಿದ ಲಕೋಟೆಯಲ್ಲಿಟ್ಟು, ಎಲ್ಲವನ್ನೂ ರಾಜಧಾನಿ ವಿಂಡ್‌ಹೋಕ್‌ಗೆ ಒಯ್ದು ಎಣಿಸೋಣ ಅಂತ ಅವರ ಮೊದಲ ಕರಡಿನಲ್ಲಿತ್ತಂತೆ. ಹಾಗಾದರೆ ಗುಟ್ಟು ಎಲ್ಲಿ ಉಳಿಯುತ್ತೆ? ವಿಶ್ವಸಂಸ್ಥೆ ಒಪ್ಪಲಿಲ್ಲ, ಬದಲಾಯಿಸಿದರು.

ನನಗೆ ಸಿಕ್ಕಿದ್ದು ಉತ್ತರದ ಓವಾಂಬೋಲ್ಯಾಂಡ್. ಒಂಡಾಂಗ್ವಾದಿಂದ ಒಳಗೆ, ಮರಳಿನ ದಾರಿಯಲ್ಲಿ ಒಂದು ಶಾಲೆ. ಸುತ್ತ ಸಜ್ಜೆ ಹೊಲ. ಅದಕ್ಕೆ ಅವರು ಮಹಾಂಗು ಅಂತಾರೆ. ಕಣಜ ನೋಡಿ ನನಗೆ ನಮ್ಮ ಕಡೆಯದೇ ನೆನಪಾಯಿತು. ಭಾಷೆ ತಿಳಿಸಲು ಒಬ್ಬ ಮೇಷ್ಟ್ರು ಇದ್ದರು. ನನ್ನನ್ನು 'ತಾತೆ' ಅನ್ನುತ್ತಿದ್ದರು. ಅಂದರೆ ಅಪ್ಪ. ನನಗಾಗ ನಲವತ್ತೊಂದು. ತಾತ ಅಂದ ಹಾಗೆ ಕೇಳಿಸಿ ಮೊದಲ ದಿನ ಸ್ವಲ್ಪ ಬೇಜಾರೇ ಆಯಿತು!

ನವೆಂಬರ್ 7. ನಾವು ಕತ್ತಲಲ್ಲೇ ಎದ್ದರೆ ನಮಗಿಂತ ಮುಂಚೆ ಸಾಲು ನಿಂತಿತ್ತು. ಮಕ್ಕಳು, ಕೊಡೆ, ನೀರಿನ ಡಬ್ಬ. ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಪಕ್ಷದ ಏಜೆಂಟರಿಗೆ ತೋರಿಸಿದೆವು, ಮುದ್ರೆ ಒತ್ತಿದೆವು. ಅಲ್ಲಿವರೆಗೂ ನಮ್ಮೂರಿನದೇ ಪಾಠ.

ಶಾಯಿ ಮಾತ್ರ ಬೇರೆ. ನಮ್ಮದು ಮೈಸೂರಿನ ಶಾಯಿ, ಹಚ್ಚಿದರೆ ವಾರಗಟ್ಟಲೆ ಉಗುರಿನ ಮೇಲೆ ಕರ್ರಗೆ ಕೂರುತ್ತೆ. ಅಲ್ಲಿನದು ಕಣ್ಣಿಗೆ ಕಾಣದ್ದು. ನೇರಳಾತೀತ ದೀಪದ ಕೆಳಗೆ ಹಿಡಿದರೆ ಮಾತ್ರ ಹೊಳೆಯುತ್ತೆ. ಆ ಊರಿನ ಬಿಸಿಲಲ್ಲಿ ಆ ದೀಪ ಉರಿಯುತ್ತಿದೆಯೋ ಇಲ್ಲವೋ ಅನ್ನೋದೇ ತಿಳಿಯದು. ಕೊನೆಗೆ ನನ್ನ ಕಂಬಳಿಯನ್ನೇ ಮೇಜಿನ ಮೇಲೆ ಗುಡಾರದ ಹಾಗೆ ಹೊದಿಸಿದೆವು. ಬಂದವರು ಒಳಗೆ ಕೈ ತೂರಿಸಬೇಕು, ಗುಮಾಸ್ತ ತಲೆ ತೂರಿಸಬೇಕು. ಸಾಲಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಬ್ಯಾಟರಿ ಸತ್ತಿತು. ಕೈ ನೋಡದೆ ಚೀಟಿ ಕೊಟ್ಟುಬಿಡೋಣ, ಜನ ಬಿಸಿಲಲ್ಲಿದ್ದಾರೆ ಅಂದರು ಪಕ್ಕದ ಕುರ್ಚಿಯವರು, ಅಂದರೆ ದಕ್ಷಿಣ ಆಫ್ರಿಕಾ ಕಡೆಯ ಅಧಿಕಾರಿ. ನಾನು ಬೇಡ ಅಂದೆ. ಬೇರೆ ಬ್ಯಾಟರಿ ಬರುವ ತನಕ ಮುಕ್ಕಾಲು ಗಂಟೆ ಯಾರೂ ಕದಲಲಿಲ್ಲ. ಆ ಮುಕ್ಕಾಲು ಗಂಟೆ ನನಗೆ ಮುಖ ಎತ್ತೋಕೇ ಆಗಲಿಲ್ಲ.

ಒಬ್ಬ ಅಜ್ಜಿ ಬಂದರು. ನೋಂದಣಿ ಕಾರ್ಡನ್ನು ಬಟ್ಟೆಯ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದರು. ಗಂಟು ಬಿಚ್ಚಲು ಹಲ್ಲು ಬೇಕಾಯಿತು. ಚೀಟಿಯಲ್ಲಿ ಹತ್ತು ಪಕ್ಷ. ಮರೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಮೇಷ್ಟ್ರು ಹೊರಗಿನಿಂದಲೇ ಕೇಳಿದರು. "ಒಂದೊಂದನ್ನೂ ನೋಡ್ತಿದ್ದೀನಿ, ಇರು" ಅಂದರಂತೆ. ಹೌದಲ್ವಾ, ಅಷ್ಟು ವರ್ಷ ಕಾದವರು ಬೇಗ ಯಾಕೆ ಮುಗಿಸಬೇಕು?

ಬೇರೆ ಜಿಲ್ಲೆಯಲ್ಲಿ ನೋಂದಾಯಿಸಿದವರದು ಇನ್ನೊಂದು ಬಗೆ. ಅವರ ಚೀಟಿ ಲಕೋಟೆಯಲ್ಲಿ ವಿಂಡ್‌ಹೋಕ್‌ಗೆ ಹೋಗಬೇಕು, ಅಲ್ಲಿ ಹೆಸರು ತಾಳೆ ನೋಡಿ ಆಮೇಲೆ ಎಣಿಕೆ. ಆ ವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಪರದೇಶದಿಂದ ವಾಪಸಾಗಿದ್ದರು. ಅಂಗೋಲಾದಿಂದ ಬಂದಿದ್ದ ಒಬ್ಬ ಹುಡುಗ ಲಕೋಟೆಯನ್ನು ಕೈಬಿಡಲೇ ಇಲ್ಲ. ದಾರಿಯಲ್ಲಿ ಇದರ ಜೊತೆ ಯಾರಿರ್ತಾರೆ ಅಂತ ಕೇಳಿದ. ನಮ್ಮವರೊಬ್ಬರು ಅಂದೆ. ಮೇಷ್ಟ್ರ ಮುಖ ನೋಡಿದ, ಆಮೇಲೆ ಪೆಟ್ಟಿಗೆಗೆ ಹಾಕಿದ.

ಮತದಾನ ಐದು ದಿನ. ನಮ್ಮ ಮತಗಟ್ಟೆಯಲ್ಲಿ ಎರಡೇ ದಿನಕ್ಕೆ ಮುಗಿಯಿತು. ಉಳಿದ ಮೂರು ದಿನ ಮರಳು ನೋಡುತ್ತಾ, ಹುಳಿ ಬಂದ ಸಜ್ಜೆ ಪಾನಕ ಓಶಿಕುಂಡು ಕುಡಿಯುತ್ತಾ ಕೂತೆವು. ರಾತ್ರಿ ಪೆಟ್ಟಿಗೆಯ ಮುದ್ರೆಯನ್ನು ಇಬ್ಬರೂ ಸೇರಿ ನೋಡಬೇಕು, ಬೆಳಗ್ಗೆ ಮತ್ತೆ ನೋಡಬೇಕು. ಒಟ್ಟು ಏಳು ಲಕ್ಷದಷ್ಟು ಮತದಾರರಲ್ಲಿ ನೂರಕ್ಕೆ 97 ಜನ ಬಂದಿದ್ದರು. ಸಂವಿಧಾನ ಬರೆಯುವ ಸಭೆಯ 72 ಸ್ಥಾನಗಳಲ್ಲಿ, ದಕ್ಷಿಣ ಆಫ್ರಿಕಾದ ವಿರುದ್ಧ ಹೋರಾಡಿದ್ದ ಸ್ವಾಪೋ ಪಕ್ಷಕ್ಕೆ 41 ಬಂತು. ಸಂವಿಧಾನ ಒಪ್ಪಲು ಮೂರನೇ ಎರಡರಷ್ಟು, ಅಂದರೆ 48 ಬೇಕಿತ್ತು. ಹಾಗಾಗಿ ಸಂವಿಧಾನ ಬರೆಯಲು ಉಳಿದವರ ಜೊತೆಗೂ ಕೂರಲೇಬೇಕಾಯಿತು.

ಕೊನೆಯ ಸಂಜೆ ಪಕ್ಕದ ಕುರ್ಚಿಯವರು ಅರಗು ಕರಗಿಸುತ್ತಾ ಕೇಳಿದರು. "ಇಲ್ಲಿ ಯಾರಿಗೆ ಬಿದ್ದಿದೆ ಅಂತ ನಮಗಿಬ್ಬರಿಗೂ ಗೊತ್ತು. ಅವರು ಬಂದ ಮೇಲೆ ನನ್ನ ಕೆಲಸ ಉಳಿಯುತ್ತಾ?" ಇಪ್ಪತ್ತು ವರ್ಷದ ಸರ್ವಿಸ್ ಅವರದು. ನಾನು ಏನೂ ಹೇಳಲಿಲ್ಲ. ಇದ್ದ ಸರ್ಕಾರಿ ನೌಕರರನ್ನು ಹಾಗೇ ಮುಂದುವರಿಸಬೇಕು ಅಂತ ಅವರ ಸಂವಿಧಾನದಲ್ಲೇ ಬರೆದರು. ಅದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಊರಲ್ಲಿದ್ದೆ, ಅವರ ವಿಳಾಸ ನನ್ನ ಹತ್ತಿರ ಇರಲಿಲ್ಲ.