ಸರ್ವೆ ಹೊಂದಾಣಿಕೆಯಲ್ಲಿ ಉಪಕರಣದ ತೂಕ ಕೊಡುವುದು ಹೇಗೆ?

ಟೋಟಲ್ ಸ್ಟೇಷನ್ನಿನ (ಕೋನ, ದೂರ ಎರಡನ್ನೂ ಅಳೆಯುವ ಉಪಕರಣ) ಅಳತೆಗಳನ್ನು, ಅವುಗಳ ನಡುವಿನ ಸಣ್ಣ ವ್ಯತ್ಯಾಸಗಳನ್ನು ಹಂಚಿ ಹೊಂದಿಸುವ ಸ್ಟಾರ್‌ನೆಟ್‌ನಂಥ ತಂತ್ರಾಂಶಕ್ಕೆ ತುಂಬಿದರೆ ಅದು ಎಲ್ಲವನ್ನೂ ಒಂದೇ ಸಮ ನಂಬುವುದಿಲ್ಲ. ಯಾವುದನ್ನು ಎಷ್ಟು ನಂಬಬೇಕೆಂದು ಹೇಳಬೇಕಾದವರು ನೀವು. ತೂಕ ಎಂದರೆ ಇದೇ. 1 ಎಂಬ ಅಂಕಿಯನ್ನು ಪ್ರಮಾಣ ದೋಷದ (ಅಳತೆ ಎಷ್ಟು ಆಚೀಚೆಯಾಗಬಹುದು ಎಂಬ ಅಂದಾಜು) ವರ್ಗದಿಂದ ಭಾಗಿಸಿದರೆ ತೂಕ ಸಿಗುತ್ತದೆ. ದೋಷವನ್ನು ಅರ್ಧ ಮಾಡಿ ಬರೆದರೆ ತೂಕ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಡಿಫಾಲ್ಟ್ ಅಂಕಿಗಳನ್ನು ಹಾಗೇ ಬಿಟ್ಟು ಮುಂದೆ ಹೋಗಬೇಡಿ.

ಮೊದಲು ತಂತ್ರಾಂಶದ ಉಪಕರಣ ಲೈಬ್ರರಿಯಲ್ಲಿ ಪ್ರತಿ ಉಪಕರಣಕ್ಕೂ ಪ್ರತ್ಯೇಕ ಹೆಸರು ಕೊಟ್ಟು, ತಯಾರಕರ ಅಂಕಿಗಳನ್ನು ನಮೂದಿಸಿ. ದೂರಕ್ಕೆ '2 ಮಿ.ಮೀ. + 2 ಪಿಪಿಎಂ' (1 ಪಿಪಿಎಂ ಎಂದರೆ ಕಿಲೋಮೀಟರಿಗೆ 1 ಮಿ.ಮೀ.) ಎಂದಿದ್ದರೆ 500 ಮೀಟರಿಗೆ 3 ಮಿ.ಮೀ. ದೋಷ ಎಂದರ್ಥ. ಕೋನದ ವಿಷಯದಲ್ಲಿ ಎಚ್ಚರ ಬೇಕು. ಐಎಸ್‌ಒ 17123-3 ಮಾನದಂಡದ ಪ್ರಕಾರ ಕೊಡುವ '2 ಸೆಕೆಂಡ್' (ಡಿಗ್ರಿಯ 3600ನೇ ಒಂದು ಭಾಗವೇ ಸೆಕೆಂಡ್) ದೂರದರ್ಶಕವನ್ನು ನೇರವಾಗಿಯೂ ತಿರುಗಿಸಿಯೂ, ಅಂದರೆ ಎರಡೂ ಫೇಸ್‌ಗಳಲ್ಲಿ ನೋಡಿದ ಒಂದು ದಿಕ್ಕಿನದು. ಕೋನವೆಂದರೆ ಎರಡು ದಿಕ್ಕುಗಳ ವ್ಯತ್ಯಾಸವಾದ್ದರಿಂದ ಅದರ ದೋಷ ಸುಮಾರು 2.8 ಸೆಕೆಂಡ್ ಆಗುತ್ತದೆ. ಒಂದೇ ಫೇಸ್‌ನಲ್ಲಿ ಓದಿದ್ದರೆ ಇನ್ನೂ ಹೆಚ್ಚು ಕೊಡಿ.

ಮುಂದಿನದು ಸೆಂಟರಿಂಗ್ ದೋಷ: ಉಪಕರಣ ಅಥವಾ ಪ್ರಿಸಂ (ಕಿರಣವನ್ನು ಹಿಂದಕ್ಕೆ ಕಳಿಸುವ ಗುರಿ) ನೆಲದ ಗುರುತಿನ ನೇರ ಮೇಲೆ ಕೂರದಿರುವುದು. ಹೆಚ್ಚಿನವರು ಇಲ್ಲಿ ಸೊನ್ನೆ ಬಿಟ್ಟಿರುತ್ತಾರೆ, ಕೆಲಸ ಕೆಡುವುದೂ ಇಲ್ಲೇ. ಪ್ರಿಸಂ ಗುರುತಿನಿಂದ 1.5 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ 250 ಮೀಟರ್ ದೂರದಲ್ಲಿ ದಿಕ್ಕು 1.2 ಸೆಕೆಂಡ್ ತಪ್ಪುತ್ತದೆ. ಅದೇ 50 ಮೀಟರಿಗೆ ತಪ್ಪು 6 ಸೆಕೆಂಡ್ ದಾಟುತ್ತದೆ. ಊರೊಳಗಿನ ಓಣಿ, ಸೈಟುಗಳ ಸರ್ವೆಯಲ್ಲಿ ಸಾಲುಗಳೆಲ್ಲ ಗಿಡ್ಡ. ಅಲ್ಲಿ ಉಪಕರಣ ಎಷ್ಟು ದುಬಾರಿಯದು ಎಂಬುದಕ್ಕಿಂತ ಟ್ರೈಪಾಡ್ ನಿಲ್ಲಿಸಿದ ಕೈಯೇ ಮುಖ್ಯ. ಟ್ರೈಬ್ರಾಕ್ (ಟ್ರೈಪಾಡ್ ಮೇಲಿನ ಮಟ್ಟ ಹೊಂದಿಸುವ ಪೀಠ) ಮೇಲೆ ಕೂರಿಸಿದ ಪ್ರಿಸಂಗೆ 1ರಿಂದ 2 ಮಿ.ಮೀ. ಕೊಡಬಹುದು. ಕೈಯಲ್ಲಿ ಹಿಡಿದ ಕೋಲಿಗೆ ಅಷ್ಟು ಸಾಲದು, ಅದಕ್ಕೆ ಬೇರೆಯೇ ಉಪಕರಣದ ಹೆಸರು ಮಾಡಿಕೊಳ್ಳುವುದು ಒಳ್ಳೆಯದು.

ಈಗ ಕನಿಷ್ಠ ನಿರ್ಬಂಧದಲ್ಲಿ ಲೆಕ್ಕ ಓಡಿಸಿ: ಒಂದು ಬಿಂದು ಮತ್ತು ಒಂದು ದಿಕ್ಕನ್ನಷ್ಟೇ ಸ್ಥಿರವಾಗಿಡಿ. ಒಟ್ಟು ದೋಷ ಗುಣಕ (ನಿಜಕ್ಕೂ ಕಂಡ ದೋಷ ನೀವು ಅಂದಾಜಿಸಿದ್ದರ ಎಷ್ಟು ಪಟ್ಟು ಎಂಬ ಅಂಕಿ) 1ರ ಆಸುಪಾಸಿನಲ್ಲಿದ್ದು, ಅದನ್ನು ಸಂಖ್ಯಾಶಾಸ್ತ್ರದಿಂದ ಒರೆಹಚ್ಚುವ ಕೈ-ಸ್ಕ್ವೇರ್ (chi-square) ಪರೀಕ್ಷೆ ಪಾಸಾದರೆ ತೂಕಗಳು ಅಳತೆಗೆ ಹೊಂದುತ್ತಿವೆ ಎನ್ನಬಹುದು. ಗುಣಕ ತೀರ ಕಡಿಮೆಯಾದರೆ ದೋಷಗಳನ್ನು ಅತಿಯಾಗಿ ಅಂದಾಜಿಸಿದ್ದೀರಿ. ಹೆಚ್ಚಾದರೆ ತಕ್ಷಣ ತೂಕಕ್ಕೆ ಕೈ ಹಚ್ಚಬೇಡಿ. ಪ್ರಮಾಣಿತ ಶೇಷ (ಅಳತೆಗೆ ಬಿದ್ದ ತಿದ್ದುಪಡಿಯನ್ನು ಅದರ ದೋಷದಿಂದ ಭಾಗಿಸಿದ ಅಂಕಿ) 3 ದಾಟಿದ ಅಳತೆಗಳನ್ನು ಮೊದಲು ಹುಡುಕಿ: ಪ್ರಿಸಂ ಕಾನ್‌ಸ್ಟಂಟ್ (ಆ ಪ್ರಿಸಂಗಾಗಿ ದೂರದಲ್ಲಿ ಮಾಡಬೇಕಾದ ಸ್ಥಿರ ತಿದ್ದುಪಡಿ) ತಪ್ಪಿರಬಹುದು, ಬಿಂದುವಿನ ಸಂಖ್ಯೆ ಅದಲು ಬದಲಾಗಿರಬಹುದು. ಅವನ್ನು ಸರಿಪಡಿಸಿದ ಮೇಲೂ ಕೋನಗಳ ಗುಣಕ ಮಾತ್ರ ಎತ್ತರದಲ್ಲೇ ಇದ್ದರೆ ಕೋನ ಮತ್ತು ಸೆಂಟರಿಂಗ್ ಅಂಕಿಗಳನ್ನು ಮತ್ತೆ ನೋಡಿ. ಪರೀಕ್ಷೆ ಪಾಸಾಗುವವರೆಗೂ ಎಲ್ಲ ದೋಷಗಳನ್ನು ಹಿಗ್ಗಿಸುತ್ತಾ ಹೋದರೆ ತಪ್ಪು ಅಳತೆ ವರದಿಯೊಳಗೇ ಅಡಗಿ ಕೂರುತ್ತದೆ. ನಾಳೆ ಅದು ಯಾರದೋ ಜಮೀನಿನ ಬದುವಾಗುತ್ತದೆ.

ಜಿಎನ್‌ಎಸ್‌ಎಸ್ ವೆಕ್ಟರ್‌ಗಳನ್ನು (ಜಿಪಿಎಸ್‌ನಂಥ ಉಪಗ್ರಹಗಳಿಂದ ಸಿಕ್ಕ, ಎರಡು ಬಿಂದುಗಳ ನಡುವಿನ ಅಂತರ ಮತ್ತು ದಿಕ್ಕು) ಸೇರಿಸುವುದಾದರೆ ಅವುಗಳ ದೋಷವನ್ನು ಹಿಗ್ಗಿಸುವ ಗುಣಕವನ್ನು ಬೇರೆಯಾಗಿ ಹೊಂದಿಸಬೇಕು. ಅವನ್ನು ಲೆಕ್ಕ ಹಾಕುವ ತಂತ್ರಾಂಶ (ಬೇಸ್‌ಲೈನ್ ಪ್ರೊಸೆಸರ್) ಹೇಳುವ ನಿಖರತೆ ಸಾಮಾನ್ಯವಾಗಿ ವಾಸ್ತವಕ್ಕಿಂತ ಚೆಂದವಾಗಿಯೇ ಇರುತ್ತದೆ. ಕೊನೆಯಲ್ಲಿ ಸ್ಥಾನ ಮೊದಲೇ ಗೊತ್ತಿರುವ ಕಂಟ್ರೋಲ್ ಬಿಂದುಗಳನ್ನೆಲ್ಲ ಸ್ಥಿರಗೊಳಿಸಿ ಮತ್ತೊಮ್ಮೆ ಓಡಿಸಿ. ಗುಣಕ ಈಗ ಒಮ್ಮೆಲೇ ಜಿಗಿದರೆ ಅನುಮಾನಿಸಬೇಕಾದದ್ದು ನಿಮ್ಮ ತೂಕವನ್ನಲ್ಲ, ಆ ಹಳೆಯ ಬಿಂದುಗಳನ್ನು.