ಫಾಸ್ಟರ್ ಮನೆ ಬದಲಿಸುವಾಗ ನಾನು ಹಿಡಿದ ದಾರಿ

ಪೋಷಕ ಕುಟುಂಬ, ಅಂದರೆ ಹೆತ್ತವರ ಬದಲು ಮಗುವನ್ನು ಸಾಕುವ ಫಾಸ್ಟರ್ ಮನೆ, ಬದಲಾದ ಮಗುವಿಗೆ ಹಳೇ ಮನೆಯ ನಂಟು ಕಡಿದರೇನೇ ಹೊಸ ಮನೆ ಹತ್ತುತ್ತದೆ ಅನ್ನೋದು ಬಾಗಲಕೋಟೆ ಕಡೆ ಮಕ್ಕಳ ರಕ್ಷಣೆಯ ನಮ್ಮ ಕೆಲಸದ ಹಿರಿಯರ ಗಟ್ಟಿ ನಂಬಿಕೆ. ನಾನು ಉಲ್ಟಾ ಮಾಡಿದೆ, ನಂಟು ಉಳಿಸಿಕೊಂಡೇ ನಿಧಾನಕ್ಕೆ ಮನೆ ಬದಲಿಸಿದೆ. "ಅಕ್ಕಾರ, ಹುಡುಗನ್ನ ಎರಡೂ ಮನಿಗೆ ಇಲ್ದಂಗ ಮಾಡ್ತೀರಿ" ಅಂದಿದ್ದರು. ಈಗ ಅವರೇ ಹುಡುಗನ ರೂಢಿಗಳನ್ನು ಬರೆದಿಟ್ಟ ನನ್ನ ಹಾಳೆಯ ಜೆರಾಕ್ಸ್ ಕೇಳುತ್ತಿದ್ದಾರೆ. ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ ಎದ್ದು ಬಾಗಲಕೋಟೆಯ ನವನಗರಕ್ಕೆ ಬಂದವರೇ ಇನ್ನೂ ಹಳೇ ಓಣಿಯ ಹೆಸರು ಬಿಟ್ಟಿಲ್ಲ, ಹತ್ತು ವರ್ಷದ ಹುಡುಗ ಮಾತ್ರ ಎರಡು ದಿನದಲ್ಲಿ ಮರೀಬೇಕಂತೆ!

ಹುಡುಗನ ಹೆಸರು, ಊರು ಹೇಳುವಂತಿಲ್ಲ, ಮಗುವಿನ ಗುರುತು ಬಯಲು ಮಾಡಬಾರದೆನ್ನುವ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ಮೊದಲ ಪೋಷಕ ತಾಯಿಗೆ ಕಾಯಿಲೆ ಜೋರಾಗಿ ಹುಡುಗನನ್ನು ಬೇರೆ ಕಡೆ ಇಡಬೇಕಾಯಿತು. ಹಿಂದೆಲ್ಲ ಆದೇಶ ಬಂದ ದಿನವೇ ಸಂಜೆ ಬಟ್ಟೆಚೀಲದ ಸಮೇತ ಜೀಪು ಹತ್ತಿಸುವುದು. ಹಾಗೆ ಹೋದವರಲ್ಲಿ ಹಲವರು ಎರಡು-ಮೂರು ತಿಂಗಳಲ್ಲಿ ಬಾಲಮಂದಿರಕ್ಕೆ, ಅಂದರೆ ಮಕ್ಕಳ ಆಶ್ರಯಕೇಂದ್ರಕ್ಕೆ, ವಾಪಸ್. ಒಬ್ಬಳು ಹಾಸಿಗೆ ಒದ್ದೆ ಮಾಡತೊಡಗಿದಳು, ಹೊಸ ಮನೆಯವರು "ರೋಗದ ಹುಡುಗಿ ಕೊಟ್ಟೀರಿ" ಎಂದು ನಮ್ಮ ಮೇಲೇ ಹರಿಹಾಯ್ದರು.

ಅದೇ ಕಾಯ್ದೆಯ 44ನೇ ಕಲಂ ತಿಂಗಳಿಗೊಮ್ಮೆ ಪರಿಶೀಲನೆ ಮಾಡಿ, ಕುಟುಂಬ ಸರಿಯಿಲ್ಲದಿದ್ದರೆ ಇನ್ನೊಂದಕ್ಕೆ ಕೊಡಿ ಅನ್ನುತ್ತದೆ. ಹೇಗೆ ಕೊಡಬೇಕೆಂಬುದು ಆ ಕಲಮಿನಲ್ಲಿಲ್ಲ. ಹಾಗಾಗಿ ಇಂಥ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂತು, ಎರಡು-ಮೂರು ವಾರ ಹೋಗಿ-ಬರುವ ಅವಧಿಯನ್ನು ಆದೇಶದಲ್ಲೇ ಬರೆಸಿಕೊಂಡೆ. ಮೊದಲು ಶನಿವಾರದ ಭೇಟಿ, ಹಳೇ ತಾಯಿಯ ಜೊತೆ. ಆಮೇಲೆ ಒಂದು ರಾತ್ರಿ. ಆಮೇಲೆ ಸ್ಥಳಾಂತರ, ಅಲ್ಲಿಂದ ಪ್ರತಿ ಭಾನುವಾರ ಸಂಜೆ ಹಳೇ ಮನೆಯಿಂದ ಫೋನು. ಈ ಫೋನು ತಪ್ಪಬಾರದು. ಒಂದು ವಾರ ತಪ್ಪಿತು, ಹುಡುಗ ಎರಡು ದಿನ ಉಣ್ಣಲಿಲ್ಲ.

ನಿಜವಾದ ಕೆಲಸ ಮಾಡಿದ್ದು ಆ ಹಾಳೆ. ನಮ್ಮ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ತೂಕ, ಲಸಿಕೆ, ತರಗತಿ ಎಲ್ಲ ಇರುತ್ತದೆ, ಹುಡುಗ ಇರುವುದಿಲ್ಲ. ಹಳೇ ತಾಯಿ ಹೊಸ ಅಡುಗೆಮನೆಯಲ್ಲಿ ಕೂತು ಹೇಳುತ್ತ ಹೋದರು, ನಾನು ಬರೆದುಕೊಂಡೆ: ಕಟಕ ರೊಟ್ಟಿನೇ ಬೇಕು, ಶೇಂಗಾ ಚಟ್ನಿಗೆ ಮೊಸರು ಕಲಸಿದ್ರ ಮುಟ್ಟಂಗಿಲ್ಲ, ಕೌದಿ ಎಳೆದು ಎಬ್ಬಿಸಬ್ಯಾಡ್ರಿ, ಹೊಚ್ಚಲದಾಗ ನಿಂತು ಹೆಸರು ಕರೀರಿ. ಹೊಸ ತಾಯಿ ಅದನ್ನು ಫ್ರಿಜ್ಜಿಗೆ ಅಂಟಿಸಿಕೊಂಡರು. ಹಾಳೆಯ ಕೊನೆಯ ಎರಡು ಪ್ರಶ್ನೆ ಮಗುವಿಗೇ ಕೇಳುವಂಥವು. ಅವೇನೆಂದು ಇಲ್ಲಿ ಬರೆಯಲಾರೆ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ನಡುವೆ ಇನ್ನೊಂದು ನೋಡಿದೆ: ಹಳೇ ತಾಯಿಯ ಕಥೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಲಗುವಾಗ ಕೇಳಿಸುವುದು. ಈ ಹುಡುಗ ರಾತ್ರಿಯೆಲ್ಲ ಅತ್ತ. ಆದರೆ ಜಮಖಂಡಿ ಕಡೆಯ ಒಬ್ಬ ಹುಡುಗಿ ಅದಿಲ್ಲದೆ ಮಲಗುತ್ತಲೇ ಇರಲಿಲ್ಲ. ಯಾಕೋ ತಿಳಿಯಲಿಲ್ಲ, ಬಿಟ್ಟೆ.

ದುಡ್ಡಿನ ಗೋಳು ಬೇರೆ. ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪೋಷಕ ಕುಟುಂಬಕ್ಕೆ ಮಗುವಿಗಾಗಿ ತಿಂಗಳಿಗೆ 4,000 ರೂಪಾಯಿ, ಹಿಂದಿನ 2,000ಕ್ಕಿಂತ ಎಷ್ಟೋ ವಾಸಿ. ಆದರೆ ಕುಟುಂಬ ಬದಲಾದರೆ ಖಾತೆಯೂ ಬದಲಾಗಬೇಕು. ನಾಲ್ಕು ತಿಂಗಳ ಹತ್ತಿರ ಹಣ ನಿಂತಿತ್ತು. ಹೊಸ ಮನೆಯವರು ಮಗ್ಗದ ಕೂಲಿಯವರು. ಬಸ್ ಚಾರ್ಜು, ರೀಚಾರ್ಜು, ಹಾಸಿಗೆ, ಕಿರಾಣಿ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಗಿರಬೇಕು, ಅರ್ಧ ನನ್ನ ಕೈಯಿಂದ, ಅರ್ಧ ಪರಿಚಯದ ಅಂಗಡಿಯವರಿಂದ. ಈಗ ಭೇಟಿ ಶುರುವಾದ ವಾರವೇ ಖಾತೆಯ ಕಾಗದ ಓಡಿಸುತ್ತೇನೆ. ಸ್ಥಳಾಂತರಕ್ಕೆಂದೇ ಒಂದು ಸಲದ ಮೊತ್ತ ಕೊಡಿ ಎಂದು ಜಿಲ್ಲಾ ಸಭೆಯಲ್ಲಿ ಕೇಳಿದ್ದೇನೆ, ಟಿಪ್ಪಣಿಯಲ್ಲಿ ಸೇರಿದೆ.

ಶಾಲೆಯೊಂದು ಟಿಸಿ ಇಲ್ಲದೆ ಸೇರಿಸಿಕೊಳ್ಳಲ್ಲ ಅಂದಿತು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರತಿ ಚೀಲದಲ್ಲಿಟ್ಟುಕೊಳ್ಳಿ, ಟಿಸಿ ತಡವಾದರೂ ಪ್ರವೇಶ ತಡೆಯುವಂತಿಲ್ಲ.

ಹಳೇ ಮನೆಯಲ್ಲಿ ಹೊಡೆತ, ದೌರ್ಜನ್ಯದ ಸಂಶಯವಿದ್ದರೆ ಇದ್ಯಾವುದೂ ಬೇಡ, ಅದೇ ದಿನ ಎತ್ತಿಕೊಂಡು ಬನ್ನಿ. ಉಳಿದವರ ಮನೆ ಬದಲಿಸಲು ದಸರಾ ರಜೆ ಒಳ್ಳೆಯದು. ಜೂನ್ ಬೇಡ, ಪುಸ್ತಕ, ಮೇಷ್ಟ್ರು, ಮನೆ ಎಲ್ಲವೂ ಒಟ್ಟಿಗೇ ಹೊಸದಾಗುತ್ತವೆ.